ಆರು ಕಾಲೇಜುಗಳ ಕರೆ, ಎರಡೇ ಪ್ರಯಾಣ: ಯಾವುದನ್ನು ನೋಡಿ ಬರಬೇಕು?

ರಾರಿಟನ್ ದಂಡೆ (ಏಪ್ರಿಲ್ 2, ರಾತ್ರಿ 11:40)

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿ ನೆಲೆಸಿ 14 ವರ್ಷಗಳಾದವು. ಹಿರಿಯ ಮಗಳು ಈ ಜೂನ್ ತಿಂಗಳಲ್ಲಿ ಹೈಸ್ಕೂಲು ಮುಗಿಸುತ್ತಾಳೆ. ಅವಳಿಗೆ ಆರು ಕಡೆ ಪ್ರವೇಶ ದೊರೆತಿದೆ: ಮನೆಯ ಹತ್ತಿರದ ರಟ್ಗರ್ಸ್, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯ, ಇಂಡಿಯಾನಾದ ಪರ್ಡ್ಯೂ, ಅರ್ಬಾನಾ-ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯ, ಮಿನೆಸೋಟಾದ ಕಾರ್ಲ್‌ಟನ್ ಮತ್ತು ಅಯೋವಾದ ಗ್ರಿನೆಲ್. ಇವುಗಳಲ್ಲಿ ನಾವು ಕಣ್ಣಾರೆ ಕಂಡಿರುವುದು ರಟ್ಗರ್ಸ್ ಒಂದನ್ನೇ, ಅದೂ ಕಾರಿನ ಕಿಟಕಿಯಿಂದ. ಗಣಿತವೋ ಅರ್ಥಶಾಸ್ತ್ರವೋ ಎಂದು ಅವಳಿನ್ನೂ ತೀರ್ಮಾನಿಸಿಲ್ಲ.

ಮೇ 1ರೊಳಗೆ ಒಂದು ಕಾಲೇಜಿಗೆ ಒಪ್ಪಿಗೆ ತಿಳಿಸಿ ಠೇವಣಿ ಕಟ್ಟಬೇಕು. ನನ್ನ ರಜೆ, ಅವಳ ಶಾಲೆ, ಕೈಯಲ್ಲಿರುವ ಹಣ ಎಲ್ಲವನ್ನೂ ಕೂಡಿಸಿ ಕಳೆದರೆ ಎರಡು ಪ್ರಯಾಣಗಳಿಗಷ್ಟೇ ಅವಕಾಶವಿದೆ. ಆರೂ ಕಾಲೇಜುಗಳು ಪ್ರವೇಶ ಪಡೆದವರಿಗಾಗಿ ವಿಶೇಷ ದಿನಗಳನ್ನು ಏರ್ಪಡಿಸಿ ಆಹ್ವಾನ ಕಳಿಸಿವೆ, ಅವುಗಳಲ್ಲಿ ಮೂರು ಒಂದೇ ವಾರಾಂತ್ಯಕ್ಕೆ ಬಿದ್ದಿವೆ. ನಾನು ಕೋಷ್ಟಕವೊಂದನ್ನು ಮಾಡಿ ಕಾಲೇಜಿನ ಹೆಸರು, ದೂರ, ವೆಚ್ಚ ಮತ್ತು ಶ್ರೇಯಾಂಕ ಬರೆದುಕೊಂಡಿದ್ದೇನೆ. ಆದರೆ ಅದನ್ನು ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ಅತ್ಯುತ್ತಮವೆಂದು ತೋರುವ ಎರಡನ್ನು ನೋಡಿ ಬರುವುದೇ ಸರಿಯಾದ ಕ್ರಮವೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಇಬ್ಬರ ತಾಯಿ (ಏಪ್ರಿಲ್ 3)

ಮೊದಲಿಗೆ ನಿಮ್ಮ ಮಗಳಿಗೆ ಅಭಿನಂದನೆಗಳು. ಆರು ಕಡೆ ಪ್ರವೇಶ ಸಿಕ್ಕಿರುವುದು ಸಣ್ಣ ಮಾತಲ್ಲ.

ಎರಡು ಮಕ್ಕಳನ್ನು ಈ ಏಪ್ರಿಲ್ ತಿಂಗಳ ಮೂಲಕ ದಾಟಿಸಿದವಳಾಗಿ ಹೇಳುತ್ತೇನೆ, ಆ ವಿಶೇಷ ದಿನಗಳ ಆಹ್ವಾನಕ್ಕೆ ಮರುಳಾಗಬೇಡಿ. ಮದುವೆ ಮನೆಯಲ್ಲಿ ಉಂಡು ಆ ಮನೆಯ ದಿನನಿತ್ಯದ ಅಡುಗೆಯನ್ನು ಅಳೆಯಲು ಬರುವುದಿಲ್ಲ. ಅಂದು ಹುಲ್ಲುಹಾಸು ಕತ್ತರಿಸಿರುತ್ತಾರೆ, ಪ್ರೊಫೆಸರುಗಳು ನಗುಮೊಗದಿಂದ ಮೇಜಿನ ಹಿಂದೆ ನಿಂತಿರುತ್ತಾರೆ, ಹಾಡುವ ಗುಂಪುಗಳು ಹಾಡುತ್ತಿರುತ್ತವೆ. ನನ್ನ ದೊಡ್ಡ ಮಗ ಅಂತಹ ಒಂದು ದಿನಕ್ಕೆ ಹೋಗಿ, ಅಲ್ಲಿ ಕೊಟ್ಟ ಅಂಗಿಯನ್ನೇ ತೊಟ್ಟುಕೊಂಡು, ಕಾಲೇಜು ಇದೇ ಎಂದು ತೀರ್ಮಾನಿಸಿ ಬಂದ. ಸೆಪ್ಟೆಂಬರ್‌ನಲ್ಲಿ ಸೇರಿಕೊಂಡು, ಅಕ್ಟೋಬರ್‌ನಲ್ಲಿ ದೂರವಾಣಿಯಲ್ಲಿ ಅತ್ತ. ಶನಿವಾರ-ಭಾನುವಾರ ಆ ವಸತಿನಿಲಯ ಖಾಲಿಯಾಗುತ್ತದೆ, ಅಲ್ಲಿಯ ಹೆಚ್ಚಿನವರು ಮನೆಗೆ ಹೋಗುವ ಸುತ್ತಮುತ್ತಲಿನ ಊರಿನವರು ಎಂಬುದನ್ನು ಯಾರೂ ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಎರಡನೆಯವಳ ಸರದಿಯಲ್ಲಿ ಸಾಮಾನ್ಯ ಮಂಗಳವಾರದಂದು ಹೋದೆವು. ಮಳೆ ಬರುತ್ತಿತ್ತು, ಯಾರೂ ನಮ್ಮನ್ನು ಗಮನಿಸಲಿಲ್ಲ. ಆ ದಿನ ತಿಳಿದಷ್ಟು ಹಿಂದಿನ ಸಲ ಮೂರು ವಿಶೇಷ ದಿನಗಳಲ್ಲಿ ತಿಳಿದಿರಲಿಲ್ಲ.

ಲೆಕ್ಕದ ಪುಸ್ತಕ (ಏಪ್ರಿಲ್ 3)

ಟಿಕೆಟಿನ ಮಾತು ಆಮೇಲೆ ಆಗಲಿ. ಆರೂ ಕಾಲೇಜುಗಳ ಹಣಕಾಸು ನೆರವಿನ ಪತ್ರಗಳು ನಿಮ್ಮ ಕೈ ಸೇರಿವೆಯೇ? ಸೇರಿದ್ದರೆ ಅವುಗಳನ್ನು ಹಾಗೆಯೇ ಹೋಲಿಸಬೇಡಿ, ಏಕೆಂದರೆ ಒಂದು ಪತ್ರದಲ್ಲಿ ಸಾಲವನ್ನೂ ನೆರವೆಂದು ಕೂಡಿಸಿರುತ್ತಾರೆ, ಇನ್ನೊಂದರಲ್ಲಿ ಕೂಡಿಸಿರುವುದಿಲ್ಲ. ಫೆಡರಲ್ (ಕೇಂದ್ರ ಸರ್ಕಾರದ) ಸಾಲದಲ್ಲಿ ಪೋಷಕರನ್ನು ಅವಲಂಬಿಸಿದ ಮೊದಲ ವರ್ಷದ ವಿದ್ಯಾರ್ಥಿಗೆ ಗರಿಷ್ಠ 5,500 ಡಾಲರ್ ಸಿಗುತ್ತದೆ. ಅದನ್ನು ಬಡ್ಡಿಸಹಿತ ಮರಳಿಸಬೇಕು. ವರ್ಕ್-ಸ್ಟಡಿ ಎಂದು ಬರೆದಿರುವ ಮೊತ್ತವನ್ನು ಮಗು ದುಡಿದು ಗಳಿಸಬೇಕು, ಅದು ಶುಲ್ಕದಿಂದ ಮೊದಲೇ ಕಡಿತವಾಗುವ ಹಣವಲ್ಲ. ಒಟ್ಟು ವೆಚ್ಚದಿಂದ ಮರಳಿಸಬೇಕಿಲ್ಲದ ಅನುದಾನ ಮತ್ತು ವಿದ್ಯಾರ್ಥಿವೇತನವನ್ನು ಮಾತ್ರ ಕಳೆಯಿರಿ. ಉಳಿಯುವ ಅಂಕಿಯೇ ನಿಮ್ಮ ನಿಜವಾದ ಖರ್ಚು. ವಿದ್ಯಾರ್ಥಿವೇತನವು ನಾಲ್ಕೂ ವರ್ಷ ಮುಂದುವರಿಯಲು ಯಾವ ಸರಾಸರಿ ಅಂಕ ಉಳಿಸಿಕೊಳ್ಳಬೇಕೆಂಬ ಷರತ್ತನ್ನೂ ಓದಿಕೊಳ್ಳಿ.

ಕೆಲವು ಖಾಸಗಿ ಕಾಲೇಜುಗಳ ವಾರ್ಷಿಕ ಒಟ್ಟು ವೆಚ್ಚ ಈಗ 90,000 ಡಾಲರನ್ನು ದಾಟಿದೆ. ನಿಮ್ಮ ಶಕ್ತಿಗೆ ಮೀರಿದ ಕಾಲೇಜನ್ನು ನೋಡಿ ಬರುವುದಕ್ಕಿಂತ ನೋಡದಿರುವುದು ಮಗುವಿಗೆ ದಯೆ ತೋರಿದಂತೆ. ಆಸೆ ಹುಟ್ಟಿಸಿ ಆಮೇಲೆ ಬೇಡವೆನ್ನುವುದು ಕ್ರೂರ.

ಹಾದಿಹೋಕ (ಏಪ್ರಿಲ್ 3)

ಯಾವುದನ್ನೂ ನೋಡಬೇಕಾಗಿಲ್ಲ. ನಾವೆಲ್ಲ ಈ ದೇಶಕ್ಕೆ ಓದಲು ಬಂದಾಗ ವಿಮಾನ ಇಳಿದ ದಿನವೇ ಕ್ಯಾಂಪಸ್ ಕಂಡದ್ದು.

ಇಬ್ಬರ ತಾಯಿ (ಏಪ್ರಿಲ್ 3)

ಹಾದಿಹೋಕ ಅವರೇ, ನೀವು 22 ದಾಟಿದ ಮೇಲೆ ಸ್ನಾತಕೋತ್ತರ ಪದವಿಗೆ ಬಂದವರಿರಬೇಕು. ಯಾವ ವಿಷಯ, ಯಾವ ಪ್ರಯೋಗಾಲಯ ಎಂಬುದು ಮೊದಲೇ ಗೊತ್ತಿದ್ದವರು. 17 ವರ್ಷದ ಹುಡುಗಿ ನಾಲ್ಕು ವರ್ಷ ಉಂಡು, ಮಲಗಿ, ಬೆಳೆಯುವ ಜಾಗವನ್ನು ಆರಿಸುತ್ತಿದ್ದಾಳೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಭೂಪಟ (ಏಪ್ರಿಲ್ 4)

ನಿಮ್ಮ ಪಟ್ಟಿಯನ್ನು ನಕ್ಷೆಯ ಮೇಲಿಟ್ಟು ನೋಡಿದೆ. ಎರಡು ಪ್ರಯಾಣವೆಂದರೆ ಎರಡೇ ಕಾಲೇಜು ಎಂದು ತಿಳಿಯಬೇಕಾಗಿಲ್ಲ. ಕಾರ್ಲ್‌ಟನ್ ಇರುವ ನಾರ್ತ್‌ಫೀಲ್ಡ್ ಊರು ಮಿನಿಯಾಪೊಲಿಸ್‌ನಿಂದ ಸುಮಾರು 40 ಮೈಲಿ ದಕ್ಷಿಣಕ್ಕಿದೆ. ಅಲ್ಲಿಂದ 35ನೆಯ ಅಂತರರಾಜ್ಯ ಹೆದ್ದಾರಿ ಹಿಡಿದು ಡಿ ಮೊಯಿನ್ ತಲುಪಿ, 80ನೆಯ ಹೆದ್ದಾರಿಯಲ್ಲಿ ಪೂರ್ವಕ್ಕೆ ತಿರುಗಿದರೆ ಗ್ರಿನೆಲ್ ಸಿಗುತ್ತದೆ. ಒಟ್ಟು ಸುಮಾರು ನಾಲ್ಕು ಗಂಟೆಗಳ ದಾರಿ. ಮಿನಿಯಾಪೊಲಿಸ್‌ನಲ್ಲಿ ಇಳಿದು ಡಿ ಮೊಯಿನ್‌ನಿಂದ ಮರಳಿದರೆ ಒಂದೇ ಪ್ರಯಾಣದಲ್ಲಿ ಎರಡೂ ಮುಗಿಯುತ್ತವೆ.

ಪರ್ಡ್ಯೂ ಮತ್ತು ಇಲಿನಾಯ್ ಕೂಡ ಒಂದು ಜೋಡಿ, ಅವುಗಳ ನಡುವಿನ ಅಂತರ 100 ಮೈಲಿಯೊಳಗೆ. ಆದರೆ ಒಂದು ಎಚ್ಚರಿಕೆ ಹೇಳುತ್ತೇನೆ: ಶಾಂಪೇನ್ ಇರುವುದು ಸೆಂಟ್ರಲ್ ಸಮಯದಲ್ಲಿ, ಪರ್ಡ್ಯೂ ಇರುವ ವೆಸ್ಟ್ ಲಫಯೆಟ್ ಈಸ್ಟರ್ನ್ ಸಮಯದಲ್ಲಿ, ಅಂದರೆ ಒಂದು ಗಂಟೆ ಮುಂದೆ. ನಾವು ಬೆಳಿಗ್ಗೆ ಶಾಂಪೇನ್‌ನಿಂದ ಆರಾಮವಾಗಿ ಹೊರಟು, ಹತ್ತು ಗಂಟೆಯ ಮಾಹಿತಿ ಸಭೆಗೆ ಹತ್ತಕ್ಕೆ ಐದು ನಿಮಿಷವಿರುವಾಗ ತಲುಪಿದೆವೆಂದು ಬೀಗುತ್ತಾ ಒಳಗೆ ಹೋದರೆ ಗೋಡೆಯ ಗಡಿಯಾರ ಹನ್ನೊಂದಕ್ಕೆ ಐದು ನಿಮಿಷ ಎನ್ನುತ್ತಿತ್ತು. ಸಭೆ ಮುಗಿದು ಜನ ಹೊರಬರುತ್ತಿದ್ದರು. ನನ್ನ ಮಗ ಇಂದಿಗೂ ಆ ಮಾತೆತ್ತಿ ನನ್ನನ್ನು ಹಂಗಿಸುತ್ತಾನೆ.

ರಟ್ಗರ್ಸ್‌ಗೆ ಪ್ರಯಾಣದ ಲೆಕ್ಕವೇ ಬೇಡ, ಒಂದು ಮಧ್ಯಾಹ್ನ ಸಾಕು. ಆದರೆ ಕಾರಿನಲ್ಲಿ ಸುತ್ತಬೇಡಿ. ಬುಶ್, ಲಿವಿಂಗ್‌ಸ್ಟನ್, ಕಾಲೇಜ್ ಅವೆನ್ಯೂ, ಕುಕ್-ಡಗ್ಲಸ್ ಎಂದು ನದಿಯ ಎರಡೂ ದಡಗಳಲ್ಲಿ ಹರಡಿರುವ ಕ್ಯಾಂಪಸ್ ಅದು, ವಿದ್ಯಾರ್ಥಿಗಳು ಬಸ್ಸಿನಲ್ಲಿ ಓಡಾಡುತ್ತಾರೆ. ತರಗತಿ ಬದಲಾಗುವ ಹೊತ್ತಿಗೆ ಮಗಳನ್ನು ಆ ಬಸ್ಸಿನಲ್ಲಿ ಕೂರಿಸಿ.

ಕಳೆದ ವರ್ಷದ ಅಪ್ಪ (ಏಪ್ರಿಲ್ 4)

ಇಷ್ಟು ಅವಸರವೇಕೆ? ಎರಡು ಕಾಲೇಜುಗಳಿಗೆ ಠೇವಣಿ ಕಟ್ಟಿಬಿಡಿ, ಬೇಸಿಗೆಯಲ್ಲಿ ನಿಧಾನವಾಗಿ ಎರಡನ್ನೂ ನೋಡಿ ಒಂದನ್ನು ಬಿಡಿ. ಕೆಲವು ನೂರು ಡಾಲರ್ ಹೋಗಬಹುದು, ಅಷ್ಟೇ. ಇಲ್ಲವಾದರೆ ಮೇ 1 ಎಂಬುದು ಕಾನೂನು, ಅದನ್ನು ಮೀರಲಾಗದು.

ಹಳೆ ಕಡತ (ಏಪ್ರಿಲ್ 4)

ಮೇಲಿನ ಸಲಹೆಯಲ್ಲಿ ಎರಡು ತಪ್ಪುಗಳಿವೆ, ತಿದ್ದದೆ ಬಿಡಲು ಮನಸ್ಸಾಗುತ್ತಿಲ್ಲ.

ಮೇ 1 ಕಾನೂನಲ್ಲ, ಕಾಲೇಜುಗಳು ತಮ್ಮೊಳಗೆ ಪಾಲಿಸಿಕೊಂಡು ಬಂದಿರುವ ಪದ್ಧತಿ. ಕೋವಿಡ್ ಕಾಲದ 2020ರಲ್ಲಿ ಅನೇಕ ಕಾಲೇಜುಗಳು ಅದನ್ನು ಜೂನ್ 1ಕ್ಕೆ ಮುಂದೂಡಿದವು. 2024ರಲ್ಲಿ ಫ್ಯಾಫ್ಸಾ ಎಂಬ ಫೆಡರಲ್ ನೆರವಿನ ಅರ್ಜಿಯ ಹೊಸ ನಮೂನೆ ತಡವಾಗಿ ಬಂದು ನೆರವಿನ ಪತ್ರಗಳು ವಿಳಂಬವಾದಾಗಲೂ ಹಲವು ಕಾಲೇಜುಗಳು ಮೇ 15ಕ್ಕೋ ಜೂನ್ 1ಕ್ಕೋ ದಿನಾಂಕ ಬದಲಿಸಿದವು. ಹಾಗೆಂದು ನೀವಾಗಿಯೇ ಮೀರಬಹುದೆಂದಲ್ಲ. ನೆರವಿನ ಮನವಿ ಇನ್ನೂ ಪರಿಶೀಲನೆಯಲ್ಲಿದ್ದರೆ ಪ್ರವೇಶ ಕಚೇರಿಗೆ ಬರೆದು ಕೆಲವು ದಿನಗಳ ಕಾಲಾವಕಾಶ ಕೇಳಬಹುದು. ಕೊಡುವುದೂ ಉಂಟು, ಕೊಡದಿರುವುದೂ ಉಂಟು.

ಎರಡು ಕಡೆ ಠೇವಣಿ ಕಟ್ಟುವುದನ್ನು ಕಾಲೇಜುಗಳು ಅಪ್ರಾಮಾಣಿಕತೆಯೆಂದೇ ಪರಿಗಣಿಸುತ್ತವೆ. ಗೊತ್ತಾದರೆ ಪ್ರವೇಶವನ್ನೇ ರದ್ದು ಮಾಡುವ ಹಕ್ಕನ್ನು ಹಲವು ಕಾಲೇಜುಗಳು ಇಟ್ಟುಕೊಂಡಿವೆ. ನೀವು ಹಿಡಿದಿಟ್ಟುಕೊಂಡ ಆ ಒಂದು ಜಾಗಕ್ಕಾಗಿ ಕಾಯುವ ಪಟ್ಟಿಯಲ್ಲಿ ಇನ್ಯಾರದೋ ಮಗು ಕುಳಿತಿರುತ್ತದೆ ಎಂಬುದನ್ನೂ ಯೋಚಿಸಿ.

ಕಳೆದ ವರ್ಷದ ಅಪ್ಪ (ಏಪ್ರಿಲ್ 4)

ಕಾನೂನಲ್ಲ ಎಂಬ ತಿದ್ದುಪಡಿಯನ್ನು ಒಪ್ಪಿದೆ. ಆದರೆ ಕಾಲೇಜುಗಳೇನು ಅಷ್ಟು ಧರ್ಮಾತ್ಮರೇ? ಬೇರೆ ಕಡೆ ಠೇವಣಿ ಕಟ್ಟಿದ ಮೇಲೂ ನನ್ನ ಮಗನಿಗೆ ಒಂದು ಕಾಲೇಜು ಮೇ ತಿಂಗಳ ಎರಡನೆಯ ವಾರ ಹೆಚ್ಚಿನ ವಿದ್ಯಾರ್ಥಿವೇತನದ ಆಮಿಷ ಒಡ್ಡಿತು.

ಹಳೆ ಕಡತ (ಏಪ್ರಿಲ್ 4)

ಒಡ್ಡಬಹುದು. ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘದ ನೀತಿಸಂಹಿತೆ ಹಿಂದೆ ಅದನ್ನು ತಡೆಯುತ್ತಿತ್ತು. ಅದು ಪೈಪೋಟಿಗೆ ಅಡ್ಡಿಯೆಂದು ಅಮೆರಿಕದ ನ್ಯಾಯ ಇಲಾಖೆ ತನಿಖೆ ನಡೆಸಿದಾಗ, 2019ರಲ್ಲಿ ಸಂಘವು ಆ ನಿಯಮಗಳನ್ನು ಕೈಬಿಟ್ಟಿತು. ಒಬ್ಬರು ಆಮಿಷ ಒಡ್ಡಿದರೆಂದು ಇನ್ನೊಬ್ಬರಿಗೆ ಸುಳ್ಳು ಒಪ್ಪಿಗೆ ಬರೆದುಕೊಡುವುದು ಸರಿಯಾಗುವುದಿಲ್ಲ.

ಮೂರನೆಯ ವರ್ಷ (ಏಪ್ರಿಲ್ 5)

ನಾನು ಇಲ್ಲಿಯೇ ಹುಟ್ಟಿ ಬೆಳೆದವಳು, ಈಗ ಕಾಲೇಜಿನ ಮೂರನೆಯ ವರ್ಷದಲ್ಲಿದ್ದೇನೆ. ಕನ್ನಡದಲ್ಲಿ ಬರೆಯುವುದು ನಿಧಾನ, ತಪ್ಪಿದ್ದರೆ ಕ್ಷಮಿಸಿ. ಕಾಲೇಜಿನಲ್ಲಿ ಪ್ರವಾಸ ಮಾರ್ಗದರ್ಶಿಯಾಗಿ ಕೆಲಸ ಮಾಡುತ್ತೇನೆ, ಹೊಸಬರಿಗೆ ಹಿಮ್ಮುಖವಾಗಿ ನಡೆಯುತ್ತಾ ಕಟ್ಟಡಗಳನ್ನು ತೋರಿಸುವವಳು ನಾನೇ.

ಎಲ್ಲರೂ ದಾರಿ, ದುಡ್ಡು, ದಿನಾಂಕಗಳ ಬಗ್ಗೆ ಬರೆದಿದ್ದೀರಿ. ರಾರಿಟನ್ ಅಂಕಲ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಮಗಳು ಏನನ್ನುತ್ತಾಳೆ ಎಂಬ ಒಂದು ವಾಕ್ಯವೂ ಅದರಲ್ಲಿಲ್ಲ.

ಹಾದಿಹೋಕ (ಏಪ್ರಿಲ್ 5)

ಹೌದಲ್ಲ!

ರಾರಿಟನ್ ದಂಡೆ (ಏಪ್ರಿಲ್ 5, ರಾತ್ರಿ)

ಮೂರನೆಯ ವರ್ಷ ಎಂಬ ಮಗಳೇ, ನಿನ್ನ ಮಾತು ಚುರುಕಾಗಿ ತಾಕಿತು. ನಿಜ ಹೇಳುವುದಾದರೆ, ನಾನು ಕೇಳಿಯೇ ಇರಲಿಲ್ಲ. ಎಲ್ಲವನ್ನೂ ಅಚ್ಚುಕಟ್ಟಾಗಿ ಸಿದ್ಧಪಡಿಸಿ ಅವಳ ಮುಂದಿಡೋಣವೆಂದು ಯೋಚಿಸಿದ್ದೆ. ಇಂದು ಊಟದ ಹೊತ್ತಿನಲ್ಲಿ ಕೇಳಿದೆ. ಅವಳು ಯೋಚಿಸಿ ಹೇಳುತ್ತೇನೆಂದು ಎದ್ದು ಹೋದಳು. ಹಣಕಾಸಿನ ಪತ್ರಗಳು ಆರೂ ಬಂದಿವೆ. ಲೆಕ್ಕದ ಪುಸ್ತಕ ಅವರು ಹೇಳಿದಂತೆ ಮತ್ತೆ ಕೂಡಿ ಕಳೆದಾಗ ನಮ್ಮ ಕ್ರಮಾಂಕವೇ ಬದಲಾಯಿತು. ಕೈಗೆಟುಕದ್ದು ಯಾವುದೂ ಇಲ್ಲ, ಆದರೆ ಅಗ್ಗವೆಂದು ತಿಳಿದಿದ್ದ ಒಂದು ಅಗ್ಗವಾಗಿ ಉಳಿಯಲಿಲ್ಲ.

ಹಿಂದಿನ ಬೆಂಚು (ಏಪ್ರಿಲ್ 6)

ನಾನು ಕಾಲೇಜೊಂದರಲ್ಲಿ ಗಣಿತ ಕಲಿಸುವವನು. ಕೋಷ್ಟಕ ಇಟ್ಟುಕೊಂಡಿರುವ ತಂದೆಗೆ ಒಂದು ಅಂಕಿಯ ಬಗ್ಗೆ ಎಚ್ಚರ ಹೇಳಬೇಕೆನಿಸಿತು.

ಕಾಲೇಜುಗಳು ತರಗತಿಯ ಸರಾಸರಿ ಗಾತ್ರವನ್ನು ಹೆಮ್ಮೆಯಿಂದ ಪ್ರಕಟಿಸುತ್ತವೆ. ಒಂದು ವಿಭಾಗದಲ್ಲಿ ಹತ್ತು ತರಗತಿಗಳಿವೆ ಎಂದಿಟ್ಟುಕೊಳ್ಳಿ. ಒಂಬತ್ತರಲ್ಲಿ ತಲಾ 10 ಮಂದಿ, ಹತ್ತನೆಯದರಲ್ಲಿ 200 ಮಂದಿ. ಒಟ್ಟು 290 ಆಸನಗಳನ್ನು ಹತ್ತರಿಂದ ಭಾಗಿಸಿದರೆ ಸರಾಸರಿ 29. ಕೇಳಲು ಹಿತವಾಗಿದೆ. ಆದರೆ ಆ 290 ಆಸನಗಳಲ್ಲಿ 200 ಇರುವುದು ಅದೇ ದೊಡ್ಡ ಸಭಾಂಗಣದಲ್ಲಿ. ಪ್ರತಿ ಆಸನದಲ್ಲಿ ಕುಳಿತವರನ್ನು ನಿನ್ನ ತರಗತಿಯಲ್ಲಿ ಎಷ್ಟು ಜನರಿದ್ದಾರೆ ಎಂದು ಕೇಳಿ ಸರಾಸರಿ ತೆಗೆದರೆ 141 ಬರುತ್ತದೆ. ಎರಡೂ ಅಂಕಿಗಳು ಸತ್ಯವೇ, ಆದರೆ ನಿಮ್ಮ ಮಗಳು ಅನುಭವಿಸುವುದು ಎರಡನೆಯದನ್ನು. ಆದ್ದರಿಂದ ಸರಾಸರಿಯನ್ನು ಬಿಟ್ಟು, ಹೆಚ್ಚಿನ ಕಾಲೇಜುಗಳು ಪ್ರಕಟಿಸುವ ಕಾಮನ್ ಡೇಟಾ ಸೆಟ್ ಎಂಬ ದಾಖಲೆಯ ಐ (I) ವಿಭಾಗವನ್ನು ತೆರೆಯಿರಿ. 10ಕ್ಕಿಂತ ಕಡಿಮೆ ಇರುವ ತರಗತಿಗಳು ಎಷ್ಟು, 100 ಮತ್ತು ಅದಕ್ಕಿಂತ ಹೆಚ್ಚಿನವು ಎಷ್ಟು ಎಂದು ಅಲ್ಲಿ ಬಿಡಿಬಿಡಿಯಾಗಿ ಇರುತ್ತದೆ. ಅದೇ ದಾಖಲೆಯ ಬಿ (B) ವಿಭಾಗದಲ್ಲಿ ಮೊದಲ ವರ್ಷದ ನಂತರ ಎಷ್ಟು ಮಂದಿ ಮರಳಿ ಬಂದರು, ಎಷ್ಟು ಮಂದಿ ಪದವಿ ಮುಗಿಸಿದರು ಎಂಬುದಿದೆ. ಪದವಿ ಮುಗಿಸಿದವರ ಪ್ರಮಾಣವೆಂದು ಸಾಮಾನ್ಯವಾಗಿ ಕಾಣಿಸುವುದು ಆರು ವರ್ಷಗಳೊಳಗಿನ ಅಂಕಿ. ನಾಲ್ಕು ವರ್ಷಗಳ ಅಂಕಿಯನ್ನು ಹುಡುಕಿ ನೋಡಿ, ಐದನೆಯ ವರ್ಷದ ಶುಲ್ಕ ಕಟ್ಟುವವರು ನೀವೇ.

ಹಾದಿಹೋಕ (ಏಪ್ರಿಲ್ 6)

ಹಾಗಾದರೆ ನಾನು ಹೇಳಿದ್ದೇ ಸರಿಯಾಯಿತು. ಮನೆಯಲ್ಲಿ ಕುಳಿತು ದಾಖಲೆ ಓದಿದರೆ ಸಾಕು, ವಿಮಾನದ ಖರ್ಚು ಉಳಿಯಿತು.

ಹಿಂದಿನ ಬೆಂಚು (ಏಪ್ರಿಲ್ 6)

ಅರ್ಧ ಸರಿ. ದಾಖಲೆಯಿಂದ ತಿಳಿಯುವುದನ್ನು ತಿಳಿಯಲು ಪ್ರಯಾಣ ಮಾಡಬಾರದು. ಗ್ರಂಥಾಲಯದಲ್ಲಿ ಎಷ್ಟು ಪುಸ್ತಕಗಳಿವೆಯೆಂದು ಕೇಳಲು ಸಾವಿರ ಮೈಲಿ ಹೋಗುವವರನ್ನು ಪ್ರತಿ ವರ್ಷ ನೋಡುತ್ತೇನೆ. ಆದರೆ 15 ಮಂದಿಯ ತರಗತಿಯಲ್ಲಿ ಹದಿನೈದೂ ಮಂದಿ ಮಾತನಾಡುತ್ತಾರೋ, ಇಬ್ಬರು ಮಾತನಾಡಿ ಉಳಿದವರು ಪರದೆ ನೋಡುತ್ತಿರುತ್ತಾರೋ ಎಂಬುದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಅದಕ್ಕಾಗಿ ಹೋಗಬೇಕು. ತರಗತಿಯೊಳಗೆ ಹಿಂದಿನ ಸಾಲಿನಲ್ಲಿ ಕುಳಿತು, ಪಾಠ ಮುಗಿದ ಮೇಲೆ ಐದು ನಿಮಿಷ ಅಲ್ಲೇ ಇರಬೇಕು. ಪ್ರಶ್ನೆ ಕೇಳಲು ಯಾರಾದರೂ ಉಳಿಯುತ್ತಾರೆಯೇ, ಕಲಿಸುವವರು ಚೀಲ ಕೆಳಗಿಟ್ಟು ಉತ್ತರಿಸುತ್ತಾರೆಯೇ, ಬಾಗಿಲ ಕಡೆ ನಡೆಯುತ್ತಾ ಉತ್ತರಿಸುತ್ತಾರೆಯೇ? ನನ್ನ ಮಟ್ಟಿಗೆ ಆ ಐದು ನಿಮಿಷ ಇಡೀ ಪ್ರವಾಸಕ್ಕಿಂತ ದೊಡ್ಡದು.

ನಿಮ್ಮ ಮೂಲ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಅತ್ಯುತ್ತಮವಾದ ಎರಡನ್ನು ನೋಡಬೇಕೆಂಬುದು ತಪ್ಪು ಸೂತ್ರ. ಏನೇ ಕಂಡರೂ ಅಲ್ಲಿಗೇ ಸೇರುತ್ತಾಳೆ ಎಂಬ ಕಾಲೇಜನ್ನೂ, ಏನೇ ಕಂಡರೂ ಸೇರುವುದಿಲ್ಲ ಎಂಬ ಕಾಲೇಜನ್ನೂ ನೋಡಿ ಪ್ರಯೋಜನವಿಲ್ಲ. ಕಂಡದ್ದರಿಂದ ಅವಳ ಮನಸ್ಸು ಬದಲಾಗಬಹುದಾದ ಕಡೆಗೆ ಮಾತ್ರ ಹೋಗಿ.

ಅರ್ಧ ವೀಸಾ (ಏಪ್ರಿಲ್ 7)

ಈ ಚರ್ಚೆ ಓದುತ್ತಿರುವ, ಎಚ್-4 (ಎಚ್-1ಬಿಯಂತಹ ಕೆಲಸದ ವೀಸಾದವರ ಅವಲಂಬಿತರ) ವೀಸಾದಲ್ಲಿ ಮಕ್ಕಳಿರುವ ಪೋಷಕರಿಗಾಗಿ ಒಂದು ಮಾತು. ನಮ್ಮ ಮಕ್ಕಳಿಗೆ ಫೆಡರಲ್ ನೆರವು ಸಿಗುವುದಿಲ್ಲ. ಅನೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅಲ್ಲಿಯ ನಿವಾಸಿಗಳಿಗಿರುವ ಕಡಿಮೆ ಶುಲ್ಕವೇ ಅನ್ವಯಿಸುತ್ತದೆ, ಖಾಸಗಿ ಕಾಲೇಜುಗಳು ತಮ್ಮ ಸ್ವಂತ ಹಣದಿಂದ ನೆರವು ಕೊಡಬಹುದು. ಆದರೆ ನೆರವಿನ ವಿಚಾರದಲ್ಲಿ ಕೆಲವು ಕಾಲೇಜುಗಳು ಇಲ್ಲಿಯೇ ಹೈಸ್ಕೂಲು ಓದಿದ ಮಗುವನ್ನೂ ವಿದೇಶಿ ವಿದ್ಯಾರ್ಥಿಯೆಂದು ಎಣಿಸುತ್ತವೆ. ನಾವು ಇದನ್ನು ಕೇಳಿಕೊಳ್ಳದೆ ಒಂದು ಕಾಲೇಜಿಗೆ ಹೋಗಿ, ಮಗ ಅದನ್ನು ಮೆಚ್ಚಿ, ನೆರವಿನ ಕಚೇರಿಯ ಮೆಟ್ಟಿಲ ಮೇಲೆ ವಿಷಯ ತಿಳಿದು ಮರಳಿದೆವು. ಹಿಂದಿರುಗುವ ದಾರಿಯಲ್ಲಿ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಕುಟುಂಬದ ಆದಾಯ ಕಡಿಮೆಯಿದ್ದರೆ ಪ್ರವೇಶ ಪಡೆದ ವಿದ್ಯಾರ್ಥಿಯ ಪ್ರಯಾಣದ ಖರ್ಚನ್ನು ಹಲವು ಕಾಲೇಜುಗಳೇ ಭರಿಸುತ್ತವೆ. ಟಿಕೆಟ್ ಕೊಳ್ಳುವ ಮೊದಲು ಪ್ರವೇಶ ಕಚೇರಿಗೆ ಬರೆದು ಕೇಳಿ, ಕೇಳುವುದಕ್ಕೆ ಸಂಕೋಚ ಬೇಡ.

ಕಳೆದ ವರ್ಷದ ಅಪ್ಪ (ಏಪ್ರಿಲ್ 7)

ಎಲ್ಲ ಸರಿ, ಆದರೆ ಶ್ರೇಯಾಂಕದ ಬಗ್ಗೆ ಯಾರೂ ಮಾತನಾಡುತ್ತಿಲ್ಲವಲ್ಲ? ಊರಿನಲ್ಲಿ ಕೇಳಿದವರಿಗೆ ಕಾರ್ಲ್‌ಟನ್ ಎಂದರೆ ಯಾರಿಗೆ ಅರ್ಥವಾಗುತ್ತದೆ? ಪರ್ಡ್ಯೂ ಎಂದರೆ ಎಲ್ಲರಿಗೂ ಗೊತ್ತು. ನಾನಾದರೆ ಎರಡೂ ಪ್ರಯಾಣಗಳನ್ನು ಹೆಸರಿರುವ ಕಡೆಗೇ ಇಟ್ಟುಕೊಳ್ಳುತ್ತಿದ್ದೆ.

ಇಬ್ಬರ ತಾಯಿ (ಏಪ್ರಿಲ್ 7)

ಊರಿನವರು ನಾಲ್ಕು ವರ್ಷ ಅಲ್ಲಿ ಓದುವುದಿಲ್ಲ.

ಲೆಕ್ಕದ ಪುಸ್ತಕ (ಏಪ್ರಿಲ್ 7)

ಶುಲ್ಕವನ್ನೂ ಕಟ್ಟುವುದಿಲ್ಲ.

ಭೂಪಟ (ಏಪ್ರಿಲ್ 8)

ಹೆಸರಿನ ಮಾತು ಬಿಡೋಣ, ಆದರೆ ದೊಡ್ಡ ವಿಶ್ವವಿದ್ಯಾಲಯಗಳನ್ನು ಸುಮ್ಮನೆ ತಳ್ಳಿಹಾಕುವುದೂ ಸರಿಯಲ್ಲ. ನನ್ನ ಮಗ ದೊಡ್ಡ ಕಡೆಗೇ ಸೇರಿ ಸಂತೋಷವಾಗಿದ್ದಾನೆ. ಪದವಿಯ ಮೂರನೆಯ ವರ್ಷದಲ್ಲೇ ಸ್ನಾತಕೋತ್ತರ ಮಟ್ಟದ ಗಣಿತ ಓದಲು ಅವಕಾಶವಾದದ್ದು ಅಲ್ಲಿ ಅಂತಹ ತರಗತಿಗಳು ಇದ್ದುದರಿಂದ. ಸುಮಾರು 2,000 ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ, ನಿಜ. ಆದರೆ ನಿಮಗೆ ಬೇಕಾದ ಮುಂದಿನ ಪಾಠ ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಯಬಹುದು. ಹಿಂದಿನ ಎರಡು ವರ್ಷಗಳ ಪಾಠಪಟ್ಟಿಯನ್ನು ತೆರೆದು, ನಿಜವಾಗಿ ಯಾವ ಪಾಠಗಳು ನಡೆದವು ಎಂದು ಪರಿಶೀಲಿಸಿ.

ದೊಡ್ಡ ಕಡೆ ಹೋಗುವುದಾದರೆ ಮೇಜರ್ (ಮುಖ್ಯ ವಿಷಯ) ಬದಲಿಸುವ ನಿಯಮವನ್ನು ಬರಹದಲ್ಲೇ ಕೇಳಿ ಪಡೆಯಿರಿ. ವಿಶ್ವವಿದ್ಯಾಲಯಕ್ಕೆ ಪ್ರವೇಶ ಸಿಕ್ಕಿತೆಂದರೆ ಅದರ ಎಲ್ಲ ವಿಭಾಗಗಳ ಬಾಗಿಲೂ ತೆರೆಯಿತೆಂದಲ್ಲ, ಕಂಪ್ಯೂಟರ್ ವಿಜ್ಞಾನದಂತಹ ವಿಭಾಗಗಳಿಗೆ ನಂತರ ದಾಟುವುದು ಅನೇಕ ಕಡೆ ಬಹಳ ಕಷ್ಟ.

ರಾರಿಟನ್ ದಂಡೆ (ಏಪ್ರಿಲ್ 9)

ಮಗಳು ಉತ್ತರ ಕೊಟ್ಟಳು, ನನ್ನ ಕೋಷ್ಟಕದ ಹಿಂಬದಿಯಲ್ಲಿ ಕೈಬರಹದಲ್ಲಿ. ಪರ್ಡ್ಯೂ ಮತ್ತು ಇಲಿನಾಯ್ ಎರಡನ್ನೂ ಅವಳು ಕಳೆದ ವಾರವೇ ಮನಸ್ಸಿನಲ್ಲಿ ಬಿಟ್ಟಿದ್ದಳಂತೆ. ಅವು ಒಳ್ಳೆಯವೆಂದು ಅವಳಿಗೆ ಗೊತ್ತು. ದೊಡ್ಡ ಕಡೆಗೆ ಹೋಗುವುದಾದರೆ ಮನೆಗೆ ಹತ್ತಿರವಿರುವ ರಟ್ಗರ್ಸ್ ಏಕಾಗಬಾರದು ಎಂಬುದು ಅವಳ ತರ್ಕ. ರಟ್ಗರ್ಸ್ ಹೇಗಿದೆಯೆಂಬುದು ಅಲ್ಲಿ ಓದುತ್ತಿರುವ ಮೂವರು ಗೆಳತಿಯರಿಂದ ಚೆನ್ನಾಗಿಯೇ ತಿಳಿದಿದೆ, ಬಸ್ಸಿನಲ್ಲೂ ಕುಳಿತಾಗಿದೆ, ಅದು ನನಗೇ ಗೊತ್ತಿರಲಿಲ್ಲ. ಅನುಮಾನವಿರುವುದು ಉಳಿದ ಮೂರರ ಬಗ್ಗೆ: ರಾಚೆಸ್ಟರ್, ಕಾರ್ಲ್‌ಟನ್, ಗ್ರಿನೆಲ್. ಹಿಂದಿನ ಬೆಂಚು ಅವರ ಸೂತ್ರಕ್ಕೆ ಇದು ಸರಿಹೊಂದುತ್ತದೆ ಎಂದುಕೊಂಡಿದ್ದೇನೆ.

ಭೂಪಟ ಅವರ ದಾರಿಯಂತೆ ಮಿನಿಯಾಪೊಲಿಸ್‌ಗೆ ಹೋಗಿ ಡಿ ಮೊಯಿನ್‌ನಿಂದ ಬರುವ ಟಿಕೆಟ್ ಕೊಂಡಿದ್ದೇವೆ. ಸಾಮಾನ್ಯ ದಿನಗಳು, ಬುಧವಾರ ಮತ್ತು ಗುರುವಾರ. ರಾಚೆಸ್ಟರ್‌ಗೆ ಕಾರಿನಲ್ಲಿ ಹೋಗಿಬರುತ್ತೇವೆ. ಆದರೆ ಮನೆಯಲ್ಲಿ ಹೊಸ ಜಗಳ ಶುರುವಾಗಿದೆ. ಮಿನೆಸೋಟಾಗೆ ಒಬ್ಬಳೇ ಹೋಗುತ್ತೇನೆ ಎನ್ನುತ್ತಾಳೆ, ಅವಳ ಅಮ್ಮ ಒಪ್ಪುತ್ತಿಲ್ಲ.

ಭೂಪಟ (ಏಪ್ರಿಲ್ 9)

17 ವರ್ಷದವರಿಗೆ ಹೋಟೆಲುಗಳು ಸಾಮಾನ್ಯವಾಗಿ ಕೋಣೆ ಕೊಡುವುದಿಲ್ಲ, ಬಾಡಿಗೆ ಕಾರಂತೂ ಸಿಗುವುದೇ ಇಲ್ಲ. ನಿಮ್ಮ ದಾರಿಯಲ್ಲಿ ನಾಲ್ಕು ಗಂಟೆ ಕಾರು ಓಡಿಸುವುದಿದೆ. ಆ ಸಂಸ್ಥೆಗಳ ನಿಯಮಗಳೇ ಅಮ್ಮನ ಪಕ್ಷ ವಹಿಸಿವೆ. ಟಿಕೆಟ್ ಬದಲಿಸುವುದಿದ್ದರೆ ಬೇಗ ಮಾಡಿ. ಪ್ರಯಾಣಕ್ಕೆ ಕನಿಷ್ಠ ಏಳು ದಿನ ಮೊದಲು ವಿಮಾನ ಸಂಸ್ಥೆಯಿಂದಲೇ ನೇರವಾಗಿ ಕೊಂಡ ಟಿಕೆಟನ್ನು 24 ಗಂಟೆಗಳೊಳಗೆ ರದ್ದು ಮಾಡಿದರೆ ಸಾಮಾನ್ಯವಾಗಿ ಪೂರ್ತಿ ಹಣ ಮರಳುತ್ತದೆ.

ಮೂರನೆಯ ವರ್ಷ (ಏಪ್ರಿಲ್ 10)

ನೀವು ಜೊತೆಯಲ್ಲಿ ಹೋಗಿ ಅಂಕಲ್, ಆದರೆ ಕ್ಯಾಂಪಸ್ಸಿನ ಗೇಟಿನಲ್ಲಿ ಬೇರೆಯಾಗಿ. ಪೋಷಕರು ಪಕ್ಕದಲ್ಲಿದ್ದರೆ ಪ್ರಶ್ನೆಗಳೆಲ್ಲ ಅವರವೇ ಆಗುತ್ತವೆ, ಉತ್ತರ ಕೊಡುವಾಗ ನಾವೂ ಅವರನ್ನೇ ನೋಡುತ್ತೇವೆ. ಕಳೆದ ವಾರ ನನ್ನ ಗುಂಪಿನಲ್ಲಿದ್ದ ತಂದೆಯೊಬ್ಬರು 11 ಪ್ರಶ್ನೆ ಕೇಳಿದರು, ಮಗ ಒಂದೂ ಕೇಳಲಿಲ್ಲ. ಗುಂಪು ಚದುರಿದ ಮೇಲೆ ಆ ಹುಡುಗ ಓಡಿ ಬಂದು, ಇಲ್ಲಿ ಗೆಳೆಯರಾಗಲು ಎಷ್ಟು ಕಾಲ ಹಿಡಿಯಿತು ಎಂದು ಪಿಸುಮಾತಿನಲ್ಲಿ ಕೇಳಿದ. ಅವತ್ತು ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ಅದೊಂದೇ ನನ್ನನ್ನು ಯೋಚಿಸುವಂತೆ ಮಾಡಿತು. ಮೊದಲ ಆರು ವಾರ ಒಂಟಿಯಾಗಿದ್ದೆ ಎಂದು ನಿಜವನ್ನೇ ಹೇಳಿದೆ.

ನಿಮ್ಮ ಮಗಳಿಗೆ ಹೇಳಿ: ಸಮವಸ್ತ್ರದ ಅಂಗಿ ತೊಟ್ಟಿರುವ ನಮ್ಮಂಥವರನ್ನು ಬಿಟ್ಟು, ಊಟದ ಸಾಲಿನಲ್ಲಿ ಮುಂದೆ ನಿಂತವರನ್ನು ಮಾತನಾಡಿಸಲಿ. ಇಲ್ಲಿ ಸೇರಿದ್ದಕ್ಕೆ ಸಂತೋಷವೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಇಲ್ಲಿಂದ ಬಿಟ್ಟು ಹೋದವರು ಯಾಕೆ ಹೋದರು ಎಂದು ಕೇಳಿದರೆ ಮಾತು ಬೇರೆಯಾಗುತ್ತದೆ. ವಿದ್ಯಾರ್ಥಿಗಳ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಓದಿಕೊಂಡು ಹೋದರೆ ಇನ್ನೂ ಒಳ್ಳೆಯದು, ಕಾಲೇಜು ಮುಚ್ಚಿಡಲು ಬಯಸುವ ಜಗಳಗಳೆಲ್ಲ ಅಲ್ಲಿರುತ್ತವೆ.

ಹಿಂದಿನ ಬೆಂಚು (ಏಪ್ರಿಲ್ 10)

ಅವಳು ಇನ್ನೂ ವಿಷಯ ತೀರ್ಮಾನಿಸಿಲ್ಲವಾದ್ದರಿಂದ ಮೂರು ಕಾಲೇಜುಗಳ ಪಠ್ಯಕ್ರಮದ ವ್ಯತ್ಯಾಸವನ್ನೂ ಗಮನದಲ್ಲಿಡಲಿ. ಗ್ರಿನೆಲ್‌ನಲ್ಲಿ ಮೊದಲ ಸೆಮಿಸ್ಟರಿನ ಟ್ಯುಟೋರಿಯಲ್ ಒಂದನ್ನು ಬಿಟ್ಟರೆ ಎಲ್ಲರಿಗೂ ಕಡ್ಡಾಯವಾದ ಸಾಮಾನ್ಯ ಪಾಠಗಳಿಲ್ಲ, ಉಳಿದದ್ದನ್ನು ಸಲಹೆಗಾರರೊಂದಿಗೆ ಕುಳಿತು ಆರಿಸಿಕೊಳ್ಳಬೇಕು. ರಾಚೆಸ್ಟರ್‌ನಲ್ಲಿ ಮೇಜರಿನ ಹೊರಗಿನ ಕ್ಷೇತ್ರಗಳಿಂದ ಮೂರು ಮೂರು ಸಂಬಂಧಿತ ಪಾಠಗಳ ಗುಚ್ಛಗಳನ್ನು ಆರಿಸುವ ವ್ಯವಸ್ಥೆಯಿದೆ. ಕಾರ್ಲ್‌ಟನ್‌ನಲ್ಲಿ ವರ್ಷವನ್ನು ಹತ್ತು ವಾರಗಳ ಮೂರು ಅವಧಿಗಳಾಗಿ ಹಂಚಿದ್ದಾರೆ, ಒಂದು ಅವಧಿಗೆ ಸಾಮಾನ್ಯವಾಗಿ ಮೂರೇ ಪಾಠಗಳು. ಹತ್ತು ವಾರಗಳ ಅವಧಿ ಓಟದಂತೆ ಇರುತ್ತದೆ. ಒಂದು ವಾರ ಜ್ವರ ಬಂದು ಮಲಗಿದರೆ ಹತ್ತನೆಯ ಒಂದು ಭಾಗ ಹೋಯಿತು. ಅದು ಕೆಲವರಿಗೆ ಹುರುಪು, ಕೆಲವರಿಗೆ ಉಸಿರುಗಟ್ಟುವಿಕೆ. ಅಲ್ಲಿಯ ವಿದ್ಯಾರ್ಥಿಗಳನ್ನು ಏಳನೆಯ ವಾರ ಹೇಗಿರುತ್ತದೆ ಎಂದೇ ಕೇಳಲಿ.

ಇಬ್ಬರ ತಾಯಿ (ಏಪ್ರಿಲ್ 10)

ಊಟದ ವಿಷಯವನ್ನೂ ಸೇರಿಸುತ್ತೇನೆ, ನಗಬೇಡಿ. ಮಗಳು ಸಸ್ಯಾಹಾರಿಯಾದರೆ ರಾತ್ರಿಯ ಊಟವನ್ನು ಅಲ್ಲಿಯ ಡೈನಿಂಗ್ ಹಾಲಿನಲ್ಲೇ ಮಾಡಲಿ. ಮಧ್ಯಾಹ್ನ ಎಲ್ಲೆಡೆಯೂ ಚೆನ್ನಾಗಿರುತ್ತದೆ, ರಾತ್ರಿ ಏಳೂವರೆಗೆ ಏನು ಉಳಿದಿರುತ್ತದೆ ಎಂಬುದೇ ಪರೀಕ್ಷೆ.

ಹಾದಿಹೋಕ (ಏಪ್ರಿಲ್ 11)

ನಾನು ನಾಲ್ಕು ವರ್ಷ ಬ್ರೆಡ್ಡು ಮೊಸರು ತಿಂದೇ ಪದವಿ ಪಡೆದೆ ಎಂದು ಹೇಳಬೇಕೆಂದಿದ್ದೆ, ಮತ್ತೆ ಬೈಗುಳ ತಿನ್ನಬೇಕಾಗುತ್ತದೆಂದು ಸುಮ್ಮನಾಗಿದ್ದೇನೆ. ಹೋಗಿ ಬಂದು ಬರೆಯಿರಿ.

ರಾರಿಟನ್ ದಂಡೆ (ಏಪ್ರಿಲ್ 27)

ಎರಡೂ ಪ್ರಯಾಣ ಮುಗಿದವು. ನಾರ್ತ್‌ಫೀಲ್ಡ್‌ನಲ್ಲಿ ಗೇಟಿನ ಬಳಿ ಬೇರೆಯಾದೆವು. ಗಣಿತದ ತರಗತಿಗೆ ಅವಳು ಮೊದಲೇ ಅನುಮತಿ ಪಡೆದಿದ್ದಳು, ನಾನೂ ಬರಬಹುದೇ ಎಂದದ್ದಕ್ಕೆ ಬೇಡವೆಂದಳು. ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಹತ್ತು ನಿಮಿಷ ಕುಳಿತೆ. ಮಕ್ಕಳೆಲ್ಲ ಹೊರಬಂದ ಮೇಲೂ ಅವಳು ಬರಲಿಲ್ಲ, ಹಿಂದಿನ ಬೆಂಚು ಅವರು ಹೇಳಿದ ಐದು ನಿಮಿಷ ಇಪ್ಪತ್ತಾಗಿತ್ತು. ಗ್ರಿನೆಲ್‌ನಲ್ಲಿ ಊಟದ ಸಾಲಿನಲ್ಲಿ ಪರಿಚಯವಾದ ಹುಡುಗಿಯೊಬ್ಬಳು ಇವಳನ್ನು ತನ್ನ ಗೆಳತಿಯರ ಮೇಜಿಗೆ ಕರೆದೊಯ್ದಳಂತೆ, ನಾನು ಆ ಹೊತ್ತಿನಲ್ಲಿ ಹೋಟೆಲಿನಲ್ಲಿ ಒಬ್ಬನೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ. ರಾಚೆಸ್ಟರ್‌ನಲ್ಲಿ ಅವಳ ಅಮ್ಮನೂ ಬಂದಿದ್ದಳು, ಅಂದು ಅರ್ಥಶಾಸ್ತ್ರದ ಪಾಠ ಕೇಳಿ ಬಂದವಳು ಗಣಿತ ಬೇಡವೇನೋ ಎನ್ನತೊಡಗಿದಾಗ ನನಗೆ ತಲೆ ತಿರುಗಿತು.

ಮೂರರಲ್ಲಿ ಒಂದು ಕಡೆ, ಹೊರಬಂದು ಕಾರಿನ ಬಾಗಿಲು ಹಾಕಿದ ಕೂಡಲೇ, ಇದಲ್ಲ ಅಪ್ಪ ಎಂದಳು. ಕಾರಣ ಕೇಳಿದೆ. ಎಲ್ಲರೂ ಒಳ್ಳೆಯವರೇ, ಆದರೆ ನಾನು ಇಡೀ ದಿನ ಯಾರನ್ನೂ ಎರಡನೆಯ ಪ್ರಶ್ನೆ ಕೇಳಲಿಲ್ಲ ಎಂದಳು. ನನ್ನ ಕೋಷ್ಟಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ನಿನ್ನೆ ಸಂಜೆ ಅವಳೇ ಕುಳಿತು ಠೇವಣಿ ಕಟ್ಟಿದಳು, ಉಳಿದ ಐದು ಕಾಲೇಜುಗಳಿಗೆ ಬರುವುದಿಲ್ಲವೆಂದು ಒಂದೊಂದು ಸಾಲಿನ ಕೃತಜ್ಞತೆಯ ಪತ್ರವನ್ನೂ ಬರೆದಳು.

ಹಳೆ ಕಡತ (ಏಪ್ರಿಲ್ 27)

ಆ ಐದು ಪತ್ರಗಳಿಗಾಗಿ ನಿಮ್ಮ ಮಗಳಿಗೆ ನನ್ನ ನಮಸ್ಕಾರ. ಹೆಚ್ಚಿನವರು ಬರೆಯುವುದೇ ಇಲ್ಲ.

ಕಳೆದ ವರ್ಷದ ಅಪ್ಪ (ಏಪ್ರಿಲ್ 27)

ಯಾವ ಕಾಲೇಜು ಎಂದು ಬರೆಯಲೇ ಇಲ್ಲವಲ್ಲ?

ರಾರಿಟನ್ ದಂಡೆ (ಏಪ್ರಿಲ್ 27)

ಬರೆಯಬಾರದೆಂದು ಅಪ್ಪಣೆಯಾಗಿದೆ. ಮೇ 1ರಂದು ಶಾಲೆಯಲ್ಲಿ ಗೆಳತಿಯರಿಗೆ ತಾನೇ ಹೇಳಬೇಕಂತೆ.

ಇಬ್ಬರ ತಾಯಿ (ಏಪ್ರಿಲ್ 27)

ದಪ್ಪ ಕೋಟು ಕೊಂಡಿರಾ?

ರಾರಿಟನ್ ದಂಡೆ (ಏಪ್ರಿಲ್ 28)

ಕೊಂಡೆವು. ಆದರೆ ಮೂರೂ ಹಿಮದ ಊರುಗಳೇ, ಕೋಟಿನಿಂದ ನಿಮಗೆ ಸುಳಿವು ಸಿಗದು.